ಕೆಡವುವವನ ಸೀಮೆಸುಣ್ಣ

ನಮ್ಮ ಸೋದರಮಾವನ ಸಾಮಾನಿನ ಪೆಟ್ಟಿಗೆ ತೆರೆದರೆ, ಮುಚ್ಚಳದ ಒಳಮೈಯಲ್ಲಿ ನೀಲಿ ಪೆನ್ಸಿಲಿನಲ್ಲಿ ಬರೆದ ಇಪ್ಪತ್ತಮೂರು ಪದಗಳ ಪಟ್ಟಿ ಕಾಣುತ್ತದೆ. ಎಲ್ಲವೂ ಇಂಗ್ಲಿಷಿನವು, ಅಕ್ಷರ ಮಾತ್ರ ಕನ್ನಡದ್ದು. ಹ್ಯಾಮರ್ಡ್, ಸ್ಮ್ಯಾಶ್ಡ್, ರೆಕ್ಡ್, ಟ್ರ್ಯಾಶ್ಡ್, ಬ್ಯಾಟರ್ಡ್, ಬ್ಲಾಸ್ಟೆಡ್, ಬಾಂಬ್ಡ್, ಡೆಮಾಲಿಷ್ಡ್, ಹೀಗೆ ಮೇಲಿನ ಅಂಚಿನಿಂದ ಕೆಳಗಿನ ಅಂಚಿಗೆ ನಾಲ್ಕು ಬೆರಳು ಇರುವ ತನಕ. ಮಾವ ಹಳೆಯ ಕಟ್ಟಡಗಳನ್ನು ಕೆಡವುವವನು. ಅದಕ್ಕೇ ನೋಡಿದವರು ಇದು ಕಸುಬಿನ ಪಟ್ಟಿ ಇರಬೇಕು ಅಂದುಕೊಳ್ಳುತ್ತಾರೆ. ಅಲ್ಲ. ಇಪ್ಪತ್ತಮೂರಕ್ಕೂ ಅರ್ಥ ಒಂದೇ, ಕಂಠಪೂರ್ತಿ ಕುಡಿದವನು ಅಂತ.

ಇದನ್ನು ಕಲಿಸಿದವನು ಒಬ್ಬ ಪರದೇಶದ ಮೆಕ್ಯಾನಿಕ್. ಉದ್ದ ಕೈಯಿನ ಕೆಡವುವ ಯಂತ್ರ ಮೊದಲ ಸಲ ಬಂದಾಗ, ಅದನ್ನು ನಡೆಸುವುದು ಹೇಗೆಂದು ತೋರಿಸಲು ಬಂದು ಎರಡು ತಿಂಗಳು ಇದ್ದ. ಅವನಿಗೆ ನಮ್ಮ ಭಾಷೆ ಬರದು, ಮಾವನಿಗೆ ಅವನದು ಬರದು, ಬಾಟಲಿಗೆ ಯಾವುದೂ ಬೇಕಿರಲಿಲ್ಲ. ಕೆಲಸ ಮುಗಿದ ಮೇಲೆ ಇಬ್ಬರೂ ಇಟ್ಟಿಗೆ ರಾಶಿಯ ಮೇಲೆ ಕೂತು ಕುಡಿಯುತ್ತಿದ್ದರು. ಅವನು ಸುತ್ತಿಗೆ ತೋರಿಸಿ, ಆಮೇಲೆ ತನ್ನ ತಲೆ ತೋರಿಸಿ, ಹ್ಯಾಮರ್ಡ್ ಅನ್ನುತ್ತಿದ್ದ. ಒಂದು ಇಟ್ಟಿಗೆಯನ್ನು ನೆಲಕ್ಕೆ ಕುಕ್ಕಿ ಚೂರು ಮಾಡಿ, ಸ್ಮ್ಯಾಶ್ಡ್ ಅನ್ನುತ್ತಿದ್ದ. ಮಾವ ಮರೆಯದಿರಲೆಂದು ಮುಚ್ಚಳದ ಮೇಲೆ ಬರೆದುಕೊಂಡ. ನಾನು ಆಗ ಶಾಲೆಯಲ್ಲಿದ್ದೆ. ಮಾವ ಮನೆಗೆ ಬಂದವನೇ ನನ್ನನ್ನು ಕರೆದು, ಇದರ ಮೂಲ ಅರ್ಥ ಏನು, ಅದರ ಮೂಲ ಅರ್ಥ ಏನು ಎಂದು ಕೇಳುತ್ತಿದ್ದ. ನಾನು ಹೇಳಿದ ಹಾಗೆಲ್ಲ ಅವನ ಮುಖ ಕೆಂಪಾಗುತ್ತಿತ್ತು.

"ನನ್ನ ಕಸುಬಿನ ಮಾತನ್ನೆಲ್ಲ ಎತ್ಕೊಂಡು ಹೋಗಿ ಕುಡುಕರಿಗೆ ಹಂಚಿಬಿಟ್ಟಿದಾರೆ ಕಣೇ ಪುಟ್ಟಿ!" ಅಂದಿದ್ದ. ಹಾಗೆ ಅನ್ನುವಾಗ ಅವನೂ ಸಾಕಷ್ಟು ಕುಡಿದಿದ್ದ, ಅದು ಬೇರೆ ಮಾತು. ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಪ್ಲಾಸ್ಟರ್ಡ್ ಮೇಲೆ. "ಇದು ಕಟ್ಟೋ ಕೆಲಸ. ಗಾರೆಯವನು ಇವರಿಗೇನು ಮಾಡಿದ್ದ? ಅವನನ್ನ ಯಾಕೆ ಇದರೊಳಗೆ ಎಳೆದ್ರು?" ಅಂತ ಅದರ ಪಕ್ಕ, ಪ್ರಶ್ನೆಯ ಗುರುತಿನ ಹಾಗೆ, ಒಂದು ಸುಳಿ ಎಳೆದ. ಆ ಸುಳಿ ಇವತ್ತಿಗೂ ಇದೆ.

ಅವನ ಸಿಟ್ಟಿಗೆ ಕಾರಣವಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುವ ಗಾದೆ ಅವನ ಮುಂದೆ ಯಾರೂ ಎತ್ತುವ ಹಾಗಿಲ್ಲ. "ಆ ಗಾದೆ ಮಾಡಿದೋನು ಒಂದು ದಿನವೂ ದೊಣ್ಣೆ ಹಿಡಿದೋನಲ್ಲ" ಅನ್ನುತ್ತಾನೆ. ಕೆಡವುವುದು ಕಟ್ಟುವುದಕ್ಕಿಂತ ನಿಧಾನದ ಕೆಲಸವೆಂದು ಅವನ ವಾದ. ಕೊನೆಗೆ ಇಟ್ಟದ್ದನ್ನು ಮೊದಲು ತೆಗೆಯಬೇಕು. ಬಾಗಿಲು, ಕಿಟಕಿ, ತಂತಿ, ಪೈಪು, ಆಮೇಲೆ ಛಾವಣಿ, ಆಮೇಲೆ ಗೋಡೆ, ಅದೂ ಮೇಲಿನಿಂದ ಒಂದೊಂದೇ ಸಾಲು. ಯಾವ ಗೋಡೆ ಬರಿ ತನ್ನ ಭಾರ ಹೊತ್ತಿದೆ, ಯಾವುದು ಇನ್ನೊಬ್ಬರ ಭಾರ ಹೊತ್ತಿದೆ ಎಂದು ಮೊದಲು ತಿಳಿಯಬೇಕು. ಸುತ್ತಿಗೆಯ ಹಿಡಿಯಿಂದ ಗೋಡೆಯನ್ನು ತಟ್ಟಿ, ಕಿವಿ ಇಟ್ಟು ಕೇಳುತ್ತಾನೆ. ಗೋಡೆಗೂ ಕಿವಿ ಇದೆ ಎಂದು ಜನ ಹೇಳಿದರೆ, "ಗೋಡೆಗಿರೋದು ಬಾಯಿ. ಕಿವಿ ನಮಗಿರ್ಬೇಕು" ಅನ್ನುತ್ತಾನೆ.

ಅವನ ತಂಡದಲ್ಲಿ ಒಂದು ಪದ್ಧತಿ ಇದೆ. ಒಡೆಯಬೇಕಾದ ಗೋಡೆಗೆ ಸೀಮೆಸುಣ್ಣದಲ್ಲಿ ಅಡ್ಡಗೀಟು, ಉಳಿಸಬೇಕಾದ್ದಕ್ಕೆ ಸುತ್ತು. ಈ ಗುರುತು ಹಾಕುವವನು ಮೇಸ್ತ್ರಿ ಒಬ್ಬನೇ. ಮೊದಲ ಏಟೂ ಅವನದೇ. ಅವನು ಗೀಟು ಎಳೆದು ಒಂದು ಏಟು ಹಾಕುವ ತನಕ ಮಿಕ್ಕವರು ಸುತ್ತಿಗೆ ಎತ್ತುವುದಿಲ್ಲ. ಹನ್ನೆರಡು ವರ್ಷ ಆ ಸೀಮೆಸುಣ್ಣ ನಮ್ಮ ಮಾವನ ಜೇಬಿನಲ್ಲಿತ್ತು. ಆಮೇಲೆ ಹೋಯಿತು. ಹೋದದ್ದು ಅವನ ತಪ್ಪಿನಿಂದಲೇ, ಅದನ್ನು ನಾನು ಮುಚ್ಚಿಡುವುದಿಲ್ಲ, ಅವನೂ ಮುಚ್ಚಿಟ್ಟಿಲ್ಲ.

ಏಳು ವರ್ಷದ ಹಿಂದೆ ಒಂದು ಹಳೆಯ ಗೋದಾಮು ಕೆಡವುವ ಕೆಲಸ. ಒಳಗೆ ಹೋದಾಗ ಬಲಗಡೆಯ ಗೋಡೆಗೆ ಗೀಟು ಹಾಕಬೇಕೆಂದು ಹಿಂದಿನ ದಿನವೇ ತೀರ್ಮಾನವಾಗಿತ್ತು. ಆ ದಿನ ಬೆಳಗ್ಗೆಯೇ ಮಾವ ಎಣ್ಣೆ ಏರಿಸಿದ್ದ. ಹತ್ತಿರವೆಂದು ಹಿಂಬಾಗಿಲಿನಿಂದ ನುಗ್ಗಿದ. ಒಳಗೆ ಬಂದು ಬಲಗಡೆಯ ಗೋಡೆಗೇ ಗೀಟು ಎಳೆದ. ಮುಂಬಾಗಿಲಿನ ಬಲ, ಹಿಂಬಾಗಿಲಿನ ಎಡ ಎಂದು ಲೆಕ್ಕ ಹಾಕಲು ತಲೆ ನೆಟ್ಟಗಿರಬೇಕಿತ್ತು. ಎಂಟು ಏಟಿಗೆ ಗೋಡೆ ಬಾಯಿ ಬಿಟ್ಟಿತು. ಆಚೆ ಕಡೆ ಒಂದು ಮನೆ. ಮಂಚದ ಮೇಲೆ ಒಬ್ಬ ಮುದುಕಿ ಸೂಜಿಗೆ ದಾರ ಪೋಣಿಸುತ್ತ ಕೂತಿದ್ದಳು. ಎರಡು ಇಟ್ಟಿಗೆ ಅವಳ ಮಣಿಕಟ್ಟಿನ ಮೇಲೆ ಬಿದ್ದವು. ಅವಳು ಕಿರುಚಲಿಲ್ಲ. ಧೂಳಿನಲ್ಲಿ ಮಾವನನ್ನು ನೋಡಿ, "ಯಾರಪ್ಪ ನೀನು?" ಅಂದಳಂತೆ. ಮಾವನಿಗೆ ಉತ್ತರ ಹೇಳಲು ನಾಲಿಗೆ ತಿರುಗಲಿಲ್ಲ. ಅಷ್ಟು ಕುಡಿದಿದ್ದ.

ಆ ದಿನವೇ ಬಾಟಲಿ ಬಿಟ್ಟ ಅಂದರೆ ಕಥೆಗೆ ಚೆನ್ನಾಗಿರುತ್ತದೆ. ಬಿಡಲಿಲ್ಲ. ಇನ್ನೂ ನಾಲ್ಕು ತಿಂಗಳು ಕುಡಿದ, ಮೊದಲಿಗಿಂತ ಹೆಚ್ಚು ಕುಡಿದ. ಒಂದು ದಿನ ಬಿಟ್ಟ. ಯಾಕೆ ಎಂದು ಕೇಳಿದರೆ, "ಸಾಕಾಯ್ತು" ಅನ್ನುತ್ತಾನೆ, ಅಷ್ಟೇ. ಅಲ್ಲಿಂದ ಈಚೆಗೆ ಒಂದು ತೊಟ್ಟು ಮುಟ್ಟಿಲ್ಲ. ಆದರೆ ಊರು ಅವನನ್ನು ಬಿಡಬೇಕಲ್ಲ! ಈಚಲು ಮರದ ಕೆಳಗೆ ಮಜ್ಜಿಗೆ ಕುಡಿದಂತಾಯಿತು ಅವನ ಬಾಳು. ಜ್ವರ ಬಂದು ನಡಿಗೆ ಓಲಿದರೂ ಕುಡಿದಿದ್ದಾನೆ. ಜೋರಾಗಿ ನಕ್ಕರೂ ಕುಡಿದಿದ್ದಾನೆ. ತಂಡದವರು ಇಟ್ಟ ಹೆಸರು ಗೋಡೆ ಕುಡುಕ. ನಮ್ಮ ಅಜ್ಜಿ ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗನನ್ನೇ ಮನೆಹಾಳ ಅನ್ನುತ್ತಿದ್ದಳು. "ಹೌದಮ್ಮ, ಮನೆ ಹಾಳು ಮಾಡೋದೇ ನನ್ನ ಉದ್ಯೋಗ" ಎಂದು ಅವನು ತಟ್ಟೆ ತೊಳೆದಿಟ್ಟು ಕೆಲಸಕ್ಕೆ ಹೋಗುತ್ತಿದ್ದ.

ಆ ಪಟ್ಟಿಯ ಬಗ್ಗೆ ನನಗೆ ಹೊಳೆದ ಒಂದು ಮಾತಿದೆ. ನಮ್ಮಲ್ಲಿ ಕುಡಿಯುವವನೇ ಹೊಡೆಯುವವನು. ಎಣ್ಣೆ ಹೊಡೆದ, ಗುಂಡು ಹಾಕಿದ ಅನ್ನುತ್ತೇವೆ. ಅವರಲ್ಲಿ ಕುಡಿದವನು ಏಟು ತಿಂದವನು, ಚೂರಾದವನು, ಕುಸಿದವನು. ಕೇಳಿದರೆ ಅವರದೇ ಭಯಂಕರ ಅನಿಸುತ್ತದೆ. ಆದರೆ ಆ ಮೆಕ್ಯಾನಿಕ್ ರಾತ್ರಿ ಇಪ್ಪತ್ತಮೂರು ರೀತಿ ನುಚ್ಚುನೂರಾಗಿ, ಬೆಳಗ್ಗೆ ಎಂಟಕ್ಕೆ ಗಡ್ಡ ಹೆರೆದುಕೊಂಡು ಯಂತ್ರದ ಮೇಲೆ ಕೂರುತ್ತಿದ್ದ, ಎಲ್ಲರೂ ನಮಸ್ಕಾರ ಸರ್ ಅನ್ನುತ್ತಿದ್ದರು. ಅವರ ಒಡೆಯುವಿಕೆ ಬೆಳಗಾದರೆ ಮುಗಿಯಿತು. ನಮ್ಮಲ್ಲಿ ಹಾಳಾದ ಅಂದರೆ ಹಾಳಾದ. ಏಳು ವರ್ಷ ಅಲ್ಲ, ಎಪ್ಪತ್ತು ವರ್ಷ ನೀರು ಕುಡಿದರೂ ಹಾಳಾದವನೇ. ಈ ಅನ್ಯಾಯ ನೆನೆದರೆ ನನಗೆ ಮೈ ಉರಿಯುತ್ತದೆ.

ಮಾವ ದುಡಿಯುವ ಗುತ್ತಿಗೆದಾರರ ಬಳಿಯೇ ನಾನು ಗೇಟಿನ ಕೆಲಸಕ್ಕೆ ಸೇರಿ ಎರಡು ವರ್ಷ. ತಗಡಿನ ಗೂಡು, ಒಂದು ಮೇಜು, ಹೆಲ್ಮೆಟ್ಟಿನ ರಾಶಿ. ಒಳಗೆ ಹೋಗುವವರ ಹೆಸರು ಬರೆದು, ಕುಡಿದಿದ್ದಾರೋ ಎಂದು ತಿಳಿಯಲು ಊದುವ ಮಷೀನನ್ನು ಬಾಯಿಗೆ ಹಿಡಿದು, ಅದು ತೋರಿಸಿದ ಅಂಕಿ ಬರೆದು, ಸಹಿ ಹಾಕಿಸಿಕೊಳ್ಳುವುದು ನನ್ನ ಕೆಲಸ. ಒಳಗೆ ಹೋಗುವವರೆಲ್ಲ ಊದಬೇಕೆಂದು ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿದೆ. ಇಂಜಿನಿಯರುಗಳು ಎಲ್ಲರಲ್ಲಿ ಸೇರುವುದಿಲ್ಲ ಎಂದು ಯಾರೂ ಬರೆಯದೆಯೇ ಎಲ್ಲರಿಗೂ ಗೊತ್ತಿತ್ತು. ಒಂದು ಕಾಲದಲ್ಲಿ ಕುಡಿದು ಸಿಕ್ಕಿಬಿದ್ದವರಿಗೆ ಬೇರೆ ಬೆಂಚು. ಅದರ ಹೆಸರು ಹಳೇ ಕೇಸು. ಅವರು ಎಲ್ಲರಿಗಿಂತ ಮುಂಚೆ ಬಂದು, ಆ ಬೆಂಚಿನಲ್ಲಿ ಕೂತು, ಎಲ್ಲರ ಕಣ್ಣೆದುರು ಎರಡು ಸಲ ಊದಬೇಕು. ಆ ಬೆಂಚಿನಲ್ಲಿ ಕೂರುತ್ತಿದ್ದವನು ನಮ್ಮ ಮಾವ ಒಬ್ಬನೇ. ದಿನಾ ಬೆಳಗ್ಗೆ ನನ್ನ ತಾಯಿಯ ತಮ್ಮನ ಬಾಯಿಗೆ ನಾನೇ ಮಷೀನು ಹಿಡಿಯಬೇಕಿತ್ತು. ಎರಡು ವರ್ಷದಲ್ಲಿ ಅದು ಸೊನ್ನೆ ಬಿಟ್ಟು ಬೇರೆ ಅಂಕಿ ತೋರಿಸಲಿಲ್ಲ.

ಈ ಸಲದ ಕೆಲಸ ಒಂದು ಹಳೆಯ ಮುದ್ರಣಾಲಯ. ಮೂರು ಮಹಡಿಯಲ್ಲಿ ಮೇಲಿನ ಎರಡನ್ನು ತೆಗೆದಾಗಿತ್ತು. ಅಷ್ಟರಲ್ಲಿ ಮಾವನ ನಂತರ ಬಂದಿದ್ದ ಮೇಸ್ತ್ರಿ ಮಂಡಿ ಕೈಕೊಟ್ಟು ಕೆಲಸ ಬಿಟ್ಟ. ಗುತ್ತಿಗೆದಾರರು, ನಾವೆಲ್ಲ ಯಜಮಾನರು ಅನ್ನುವವರು, ಬೆಳಗ್ಗೆ ಗೇಟಿಗೆ ಬಂದು ಮಾವನ ಕೈಗೆ ಸೀಮೆಸುಣ್ಣದ ತುಂಡು ಕೊಟ್ಟರು. "ಕೆಳಗಿನ ಮಹಡಿ ನಿಂದು. ಮಧ್ಯಾಹ್ನದೊಳಗೆ ಪಕ್ಕದ ಗೋಡೆ ಬೀಳ್ಬೇಕು. ಒಂದು ಎಡವಟ್ಟಾದ್ರೂ ಇದು ವಾಪಸ್, ಆಮೇಲೆ ಜನ್ಮದಲ್ಲಿ ಕೇಳ್ಬೇಡ" ಅಂದರು. ಮಾವ ಸೀಮೆಸುಣ್ಣವನ್ನು ಅಂಗಿಯ ಮೇಲಿನ ಜೇಬಿಗೆ ಹಾಕಿ, ಜೇಬಿನ ಗುಂಡಿ ಹಾಕಿಕೊಂಡ. ನಾನು ಅತ್ತಿತ್ತ ನೋಡಿ ಕಣ್ಣು ಒರೆಸಿಕೊಂಡೆ.

ಅವನ ಹಿಂದೆಯೇ ಹೊಸ ಇಂಜಿನಿಯರು ಬಂದರು. ತಂಡದವರು ಇಟ್ಟ ಹೆಸರು ನಕ್ಷೆ ಸರ್, ಯಾಕೆಂದರೆ ನಕ್ಷೆಯ ಸುರುಳಿ ಇಲ್ಲದೆ ಅವರು ಎಲ್ಲೂ ಕಾಣಿಸುವುದಿಲ್ಲ. ಕಿವಿಯಲ್ಲಿ ಫೋನು. "ಅಯ್ಯೋ ನಿನ್ನೆ ನಾನು ಪೂರ್ತಿ ರೆಕ್ಡ್ ಕಣೋ. ಮನೆಗೆ ಹೇಗೆ ಬಂದ್ನೋ ನಂಗೇ ಗೊತ್ತಿಲ್ಲ" ಎಂದು ನಗುತ್ತ, ನನ್ನ ಮಷೀನಿನ ಮುಂದೆಯೇ ಹಾದು ಒಳಗೆ ಹೋದರು. ಮುಚ್ಚಳದ ಪಟ್ಟಿಯಲ್ಲಿ ಅದು ಮೂರನೆಯ ಮಾತು.

ಅರ್ಧ ಗಂಟೆಯಾಗಿರಬಹುದು. ಒಳಗಿನಿಂದ ಮೊದಲ ಏಟಿನ ಸದ್ದು ಬರಬೇಕಿತ್ತು, ಬರಲಿಲ್ಲ. ಬದಲಿಗೆ ಮಾತು ಜೋರಾಯಿತು. ನಾನು ಗೇಟಿಗೆ ಅಗುಳಿ ಹಾಕಿ ಒಳಗೆ ಓಡಿದೆ.

ಉದ್ದನೆಯ ಹಜಾರ, ನೆಲದ ಮೇಲೆಲ್ಲ ಹಳೆಯ ಮಸಿಯ ಕಲೆ. ಎಡಗಡೆಯ ಗೋಡೆಯ ಮುಂದೆ ಮಾವ ನಿಂತಿದ್ದ. ಕೈಯಲ್ಲಿ ಸೀಮೆಸುಣ್ಣ ಇತ್ತು, ಗೋಡೆಯ ಮೇಲೆ ಗುರುತು ಇರಲಿಲ್ಲ. ತಂಡದ ಒಂಬತ್ತು ಜನ ಸುತ್ತಿಗೆ ನೆಲಕ್ಕೂರಿ ಸುತ್ತ ನಿಂತಿದ್ದರು.

"ನಕ್ಷೇಲಿ ಎರಡು ಗೋಡೆ ಇದೆ" ಎಂದು ನಕ್ಷೆ ಸರ್ ಕಾಗದವನ್ನು ತಟ್ಟಿ ಹೇಳುತ್ತಿದ್ದರು. "ಇದು ನಮ್ಮದು. ಮಧ್ಯ ನಾಲ್ಕು ಇಂಚು ಸಂದು. ಆಚೆ ಕಡೆ ಟೈಲರ್ ಅಂಗಡಿಯ ಗೋಡೆ ಬೇರೆ. ಇದನ್ನ ಬೀಳಿಸಿದ್ರೆ ಅದಕ್ಕೇನೂ ಆಗಲ್ಲ."

"ಇರೋದು ಒಂದೇ ಗೋಡೆ ಸರ್" ಅಂದ ಮಾವ. "ನಮಗೂ ಅದೇ, ಅವರಿಗೂ ಅದೇ. ಮೇಲೆ ನೋಡಿ. ಒಂದೇ ಮಟ್ಟದಲ್ಲಿ ಏಳು ತೇಪೆ ಇದೆ. ಒಂದನ್ನ ಕೆತ್ತಿ ನೋಡಿದೆ, ಒಳಗೆ ಕಬ್ಬಿಣದ ತೊಲೆಯ ತುದಿ. ಅವರ ಛಾವಣಿ ನಮ್ಮ ಈ ಗೋಡೆ ಮೇಲೆ ಕೂತಿದೆ. ಇದಕ್ಕೆ ನಾನು ಗೀಟು ಹಾಕಲ್ಲ."

"ಅದು ಹಳೇ ಪ್ರಿಂಟಿಂಗ್ ಮಷೀನಿನ ಬೆಲ್ಟು ತಿರುಗೋಕೆ ಹಾಕಿದ್ದ ಕಬ್ಬಿಣ."

"ಮಷೀನಿಂದಾದ್ರೆ ಈ ಕಡೆ ಚಾಚಿರ್ಬೇಕಿತ್ತು. ಇದು ಆ ಕಡೆಯಿಂದ ಬಂದಿದೆ. ತಟ್ಟಿದ್ರೂ ಗೊತ್ತಾಗುತ್ತೆ, ಹಿಂದೆ ಸಂದು ಇರೋ ಗೋಡೆ ಹೀಗೆ ಮಾತಾಡಲ್ಲ."

"ಗೋಡೆ ಮಾತಾಡ್ತಂತೆ!" ನಕ್ಷೆ ಸರ್ ತಂಡದ ಕಡೆ ತಿರುಗಿ ನಕ್ಕರು. ಇಬ್ಬರು ಮೂವರು ಅವರ ಜೊತೆ ನಕ್ಕರು, ಆ ನಕ್ಕವರ ಮುಖ ನನಗೆ ನೆನಪಿದೆ. ಆಮೇಲೆ ನಕ್ಷೆ ಸರ್ ಯಜಮಾನರಿಗೆ ಫೋನು ಹಚ್ಚಿ, ನಮ್ಮ ಎದುರಿಗೇ ಹೇಳಿದರು. "ಸರ್, ನೀವು ಇವನಿಗೆ ಯಾಕೆ ಕೊಟ್ರೋ. ಗೋಡೆ ಜೊತೆ ಮಾತಾಡ್ತಿದಾನೆ. ಬೆಳಗ್ಗೇನೇ ಹ್ಯಾಮರ್ಡ್ ಅನ್ಸುತ್ತೆ."

ಅವರಿಗೆ ಆ ಮಾತು ಯಾರಿಗೂ ತಿಳಿಯದು ಎಂಬ ಧೈರ್ಯ. ಮಾವ ಸುತ್ತಿಗೆಯನ್ನು ಮೆಲ್ಲಗೆ ಗೋಡೆಗೆ ಒರಗಿಸಿ ಇಟ್ಟ.

"ಆ ಮಾತು ನಂಗೊತ್ತು ಸರ್. ನನ್ನ ಪೆಟ್ಟಿಗೇಲಿ ಮೊದಲನೇದೇ ಅದು" ಅಂದ. "ಪುಟ್ಟಿ, ಮಷೀನ್ ತಗೊಂಡು ಬಾ. ಇಲ್ಲೇ ಊದ್ತೀನಿ, ಎಲ್ಲರ ಮುಂದೆ."

ಓಡಿಹೋಗಿ ಮಷೀನನ್ನೂ ಗೇಟಿನ ಪುಸ್ತಕವನ್ನೂ ತಂದೆ. ಮಾವ ಊದಿದ. ಸೊನ್ನೆ. ಒಬ್ಬೊಬ್ಬರ ಕಣ್ಣಿನ ಮುಂದೆ ಹಿಡಿದು ಅಂಕಿ ತೋರಿಸಿದೆ. ಇನ್ನೊಂದು ಸಲ ಅಂದರು ನಕ್ಷೆ ಸರ್. ಸೊನ್ನೆ. ಬ್ಯಾಟರಿ ಸರಿ ಇದೆಯಾ ಅಂದರು. ಹೊಸ ಬ್ಯಾಟರಿ ಹಾಕಿದೆ, ಮತ್ತೆ ಸೊನ್ನೆ. ಆಗ ನನ್ನ ಬಾಯಿ ಸುಮ್ಮನಿರಲಿಲ್ಲ.

"ಈಗ ನೀವು ಊದಿ ಸರ್."

"ಏನು?"

"ಒಳಗೆ ಬಂದೋರೆಲ್ಲ ಊದ್ಬೇಕು ಅಂತ ಗೇಟಲ್ಲಿ ಬರೆದಿದೆ. ಬೆಳಗ್ಗೆ ನೀವು ಫೋನಲ್ಲಿದ್ರಿ, ನಾನು ಕೇಳೋಕೆ ಹೋಗ್ಲಿಲ್ಲ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿನ್ನ ಕೆಲಸ ಇಲ್ಲಿ ಎಷ್ಟು ದಿನ ಇರ್ಬೇಕು ಅಂತಿದೀಯ?"

ನಾನು ಪುಸ್ತಕ ತೆರೆದು ಅವರ ಹೆಸರಿನ ಮುಂದೆ 'ಊದಲು ಒಪ್ಪಲಿಲ್ಲ' ಎಂದು ಬರೆದೆ, ಸಮಯವನ್ನೂ ಹಾಕಿದೆ. ಎರಡು ವರ್ಷ ಮಾವನ ಸೊನ್ನೆಗಳನ್ನು ಬರೆದ ಪೆನ್ನದು.

ನಕ್ಷೆ ಸರ್ ಮುಖ ಗಂಟಿಕ್ಕಿ, ಮಾವನ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡರು. ಗೋಡೆಯ ನಟ್ಟನಡುವೆ ತಾವೇ ಒಂದು ದೊಡ್ಡ ಅಡ್ಡಗೀಟು ಎಳೆದು, ಸೀಮೆಸುಣ್ಣವನ್ನು ತಮ್ಮ ಜೇಬಿಗೆ ಹಾಕಿಕೊಂಡರು. "ಡ್ರಿಲ್ಲಣ್ಣ, ಶುರು ಮಾಡು. ಇವತ್ತಿಂದ ಮೇಸ್ತ್ರಿ ನೀನೇ."

ಡ್ರಿಲ್ಲಣ್ಣ ತಂಡದಲ್ಲಿ ಮಾವನ ನಂತರದವನು, ಕಾಂಕ್ರೀಟು ಕೊರೆಯುವ ಯಂತ್ರ ಹಿಡಿಯುವವನು. ಸೀಮೆಸುಣ್ಣದ ಮೇಲೆ ಅವನಿಗೆ ಏಳು ವರ್ಷದಿಂದ ಕಣ್ಣು. ಗೋಡೆ ಕುಡುಕ ಅನ್ನುವ ಹೆಸರು ಇಟ್ಟವನೂ ಅವನೇ. ಅವನು ಸುತ್ತಿಗೆ ಎತ್ತಿ ಭುಜದ ಮೇಲಿಟ್ಟ.

"ನಾನು ನಿನಗೆ ಕೈ ಮುಗಿಯಲ್ಲ, ಅಡ್ಡ ನಿಲ್ಲೋದೂ ಇಲ್ಲ" ಅಂದ ಮಾವ ಅವನಿಗೆ. "ಹತ್ತು ನಿಮಿಷ ಕೊಡು. ಅಳತೆ ಮಾಡಿ ತೋರಿಸ್ತೀನಿ. ನಂದು ತಪ್ಪಾದ್ರೆ ಮೊದಲ ಏಟು ನಾನೇ ಹಾಕಿ, ಪೆಟ್ಟಿಗೆ ನಿನಗೆ ಕೊಟ್ಟು ಮನೆಗೆ ಹೋಗ್ತೀನಿ. ಸರಿಯಾದ್ರೆ, ಆ ಕಡೆ ಕೂತಿರೋರ ಮೇಲೆ ಛಾವಣಿ ಹಾಕಿದೋನು ಅಂತ ನಿನಗೆ ಹೆಸರು ಬರೋದು ತಪ್ಪುತ್ತೆ. ಆ ಹೆಸರು ಹೊರೋದು ಹೇಗಿರುತ್ತೆ ಅಂತ ನನ್ನ ಕೇಳು."

ಡ್ರಿಲ್ಲಣ್ಣ ಗೋಡೆಯ ಮೇಲಿನ ಗೀಟು ನೋಡಿದ. ಏಳು ತೇಪೆ ನೋಡಿದ. ಆಮೇಲೆ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತ. "ನಂಗೆ ನೀರು ಕುಡೀಬೇಕು ಸರ್" ಅಂದ ನಕ್ಷೆ ಸರ್‌ಗೆ. "ಹತ್ತು ನಿಮಿಷ ಹಿಡಿಯುತ್ತೆ." ಮಿಕ್ಕ ಎಂಟು ಜನಕ್ಕೂ ಒಮ್ಮೆಲೇ ಬಾಯಾರಿಕೆ ಆಯಿತು.

ಮಾವ ಬೀದಿಗೆ ಇಳಿದ. ನಾನು ಹಿಂದೆಯೇ ಹೋದೆ. ಟೈಲರಮ್ಮನ ಅಂಗಡಿ ಒಂದೇ ಕೋಣೆ. ಹೊಲಿಗೆ ಯಂತ್ರ ಸರಿಯಾಗಿ ಆ ಗೋಡೆಗೇ ತಾಗಿತ್ತು, ಅವಳು ಕೂರುವ ಸ್ಟೂಲಿನ ಬೆನ್ನಿಗೆ ಗೋಡೆ. ಪಕ್ಕದಲ್ಲಿ ಶಾಲೆ ಮಕ್ಕಳ ಬಿಳಿ ಅಂಗಿಗಳ ರಾಶಿ. ನಾನು ತಲೆಯೆತ್ತಿ ಛಾವಣಿಯ ತೊಲೆಗಳನ್ನು ಎಣಿಸಿದೆ. ಏಳು.

"ಮೂರು ವಾರದಿಂದ ನಿಮ್ಮ ಧೂಳು ತಿಂದು ನನ್ನ ಬಿಳಿ ಬಟ್ಟೆ ಎಲ್ಲಾ ಬೂದಿ ಬಣ್ಣ ಆಗಿದೆ" ಎಂದು ಅವಳು ಕತ್ತರಿ ಹಿಡಿದೇ ಎದ್ದಳು. ಮಾವನನ್ನು ನೋಡಿ ಹುಬ್ಬು ಗಂಟಿಕ್ಕಿದಳು. "ಯಾರು ನೀವು?"

ಏಳು ವರ್ಷದ ಹಿಂದೆ ಉತ್ತರ ಸಿಗದೆ ಉಳಿದ ಪ್ರಶ್ನೆ ಅದು.

"ನಾನು ಪಕ್ಕದ ಕಟ್ಟಡ ಕೆಡವೋ ಮೇಸ್ತ್ರಿ" ಅಂದ. ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ, ನೆಟ್ಟಗೆ ಬಂತು.

"ಆ ಗೋದಾಮಿನ ಪಕ್ಕದ ಮನೆ ಅಜ್ಜಿ ಕೈ ಮುರಿದೋರು ನೀವೇ ತಾನೆ?"

"ಹೌದು, ನಾನೇ. ಅವತ್ತು ಕುಡಿದಿದ್ದೆ, ಅಳತೆ ಮಾಡ್ಲಿಲ್ಲ. ಇವತ್ತು ಮಾಡೋಕೆ ಬಂದಿದೀನಿ. ನಿಮ್ಮ ಟೇಪು ಸ್ವಲ್ಪ ಕೊಡ್ತೀರಾ?"

ಅವಳು ಕೊರಳಿನಲ್ಲಿದ್ದ ಟೇಪನ್ನು ಮುಟ್ಟಿ ನೋಡಿಕೊಂಡಳು. "ಕೊಡಲ್ಲ" ಅಂದಳು. "ನಾನೇ ಹಿಡೀತೀನಿ. ಅಂಕಿ ನಾನೇ ಓದ್ತೀನಿ."

"ಇನ್ನೂ ಒಳ್ಳೇದಾಯ್ತು" ಅಂದ ಮಾವ.

ಕೆಲಸ ಸುಲಭದ್ದು. ಮುದ್ರಣಾಲಯದ ಬಾಗಿಲಿನ ಅಂಚಿನಿಂದ ಅವಳ ಅಂಗಡಿಯ ಬಾಗಿಲಿನ ಅಂಚಿಗೆ ಬೀದಿಯಲ್ಲಿ ಅಳೆದರು. ಅರವತ್ತು ಇಂಚಿನ ಟೇಪು, ಎರಡು ಸಲ ಇಡಬೇಕಾಯಿತು. ನೂರಹತ್ತು ಇಂಚು. ಆಮೇಲೆ ಅಂಗಡಿಯ ಒಳಗೆ ಬಾಗಿಲಿನ ಅಂಚಿನಿಂದ ಗೋಡೆಯ ತನಕ. ನಲವತ್ತು. ಆಮೇಲೆ ಹಜಾರದ ಒಳಗೆ, ತಂಡದವರೆಲ್ಲ ನೋಡುತ್ತಿದ್ದಂತೆ, ಬಾಗಿಲಿನ ಅಂಚಿನಿಂದ ಗೋಡೆಯ ತನಕ. ಐವತ್ತಾರು. ಟೈಲರಮ್ಮ ಪ್ರತಿ ಅಂಕಿಯನ್ನೂ ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು. ನಾನು ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದೆ. ನಲವತ್ತೂ ಐವತ್ತಾರೂ ಸೇರಿ ತೊಂಬತ್ತಾರು, ನೂರಹತ್ತರಲ್ಲಿ ಅದನ್ನು ಕಳೆದರೆ ಹದಿನಾಲ್ಕು ಉಳಿಯಿತು.

"ಹದಿನಾಲ್ಕು ಇಂಚು ಅಂದ್ರೆ ಒಂದೂವರೆ ಇಟ್ಟಿಗೆ ಗೋಡೆ, ಗಾರೆ ಸೇರಿ" ಅಂದ ಮಾವ. "ಎರಡು ಗೋಡೆ, ಒಂದು ಸಂದು, ಎಲ್ಲಾ ಇದರಲ್ಲಿ ಎಲ್ಲಿ ಕೂರ್ಬೇಕು ಸರ್? ನಕ್ಷೇನೇ ಕೇಳಿ."

ನಕ್ಷೆ ಸರ್ ನಕ್ಷೆಯನ್ನು ಒಮ್ಮೆ ಉಲ್ಟಾ ಮಾಡಿ ನೋಡಿದರು. ಅಷ್ಟರಲ್ಲಿ ಯಜಮಾನರ ಕಾರು ಬಂತು. ಅವರು ಯಾರ ಮಾತೂ ಕೇಳಲಿಲ್ಲ. ಟೈಲರಮ್ಮನ ಟೇಪಿನ ಒಂದು ತುದಿ ತಾವೇ ಹಿಡಿದು ಮೂರೂ ಕಡೆ ಮತ್ತೆ ಅಳೆಸಿದರು. ಅಂಗಡಿಯೊಳಗೆ ಹೋಗಿ ತಲೆಯೆತ್ತಿ ತೊಲೆ ಎಣಿಸಿದರು. ಆ ಸ್ಟೂಲನ್ನು ಸ್ವಲ್ಪ ಹೊತ್ತು ನೋಡಿದರು.

"ನಕ್ಷೆ ಯಾರು ಮಾಡಿದ್ದು?" ಅಂದರು ಹೊರಗೆ ಬಂದು.

"ಹಳೇದು ಸರ್. ಆಫೀಸಲ್ಲಿ ಕೊಟ್ರು. ನಾನು ಅದನ್ನೇ..." ನಕ್ಷೆ ಸರ್ ಕಾಗದವನ್ನು ಸುರುಳಿ ಸುತ್ತತೊಡಗಿದರು.

ಯಜಮಾನರು ಮಾವನ ಕಡೆ ತಿರುಗಿದರು. ಶಭಾಷ್ ಅನ್ನುವ ಜನ ಅವರಲ್ಲ. "ನನ್ನ ಒಂದು ದಿನ ಹಾಳ್ಮಾಡಿದೆಯಲ್ಲಯ್ಯ" ಅಂದರು.

"ದಿನ ಹಾಳಾದ್ರೆ ನಾಳೆ ಇನ್ನೊಂದು ಬರುತ್ತೆ ಯಜಮಾನ್ರೆ" ಅಂದ ಮಾವ. ತಲೆ ಬಗ್ಗಿಸಲಿಲ್ಲ.

ಯಜಮಾನರು ಹಜಾರದೊಳಗೆ ಬಂದು ಗೋಡೆಯ ಮೇಲಿನ ದೊಡ್ಡ ಅಡ್ಡಗೀಟನ್ನು ನೋಡಿದರು. "ಇದು ಯಾರ ಕೈ?" ಎಲ್ಲರ ಕಣ್ಣೂ ನಕ್ಷೆ ಸರ್ ಕಡೆ ತಿರುಗಿದವು. "ಸರಿ, ನಿನ್ನ ಗುರುತು ಹಾಕು" ಅಂದರು ಮಾವನಿಗೆ.

ಮಾವ ಜೇಬು ಮುಟ್ಟಿಕೊಂಡ, ಜೇಬು ಬರಿದು. ನಕ್ಷೆ ಸರ್ ಕೈ ತಮ್ಮ ಜೇಬಿನ ಹತ್ತಿರ ಹೋಗಿ ಅಲ್ಲೇ ತಡವರಿಸಿತು. ಮಾವ ಕೇಳಲಿಲ್ಲ, ಕೇಳುವವನೂ ಅಲ್ಲ. ಟೈಲರಮ್ಮ ತನ್ನ ಏಪ್ರನ್ನಿನಿಂದ, ಬಟ್ಟೆಗೆ ಗುರುತು ಹಾಕುವ ಚಪ್ಪಟೆಯ ನೀಲಿ ಸೀಮೆಸುಣ್ಣ ತೆಗೆದು ಅವನ ಅಂಗೈ ಮೇಲಿಟ್ಟಳು. "ಇದರಲ್ಲಿ ಹಾಕಿ. ಗಟ್ಟಿಯಾಗಿ ಹಾಕಿ, ಆ ಕಡೆ ನಾನು ಕೂತಿರ್ತೀನಿ" ಅಂದಳು.

ಅವನು ಎರಡು ಕೈಯೂ ಚಾಚುವಷ್ಟು ಅಗಲದ ಸುತ್ತು ಎಳೆದ. ಇಂಜಿನಿಯರ ಅಡ್ಡಗೀಟು ಇಡಿಯಾಗಿ ಅದರೊಳಗೆ ಸಿಕ್ಕಿಕೊಂಡಿತು. ಏಳು ವರ್ಷದ ಮೇಲೆ ಅವನ ಕೈಯ ಮೊದಲ ಗುರುತು, ಅದೂ ಉಳಿಸುವ ಗುರುತು. ಆಮೇಲೆ ಎದುರಿನ ಗೋಡೆಗೆ ಹೋಗಿ ತಟ್ಟಿ, ಕೇಳಿ, ನೀಲಿ ಅಡ್ಡಗೀಟು ಎಳೆದು ಮೊದಲ ಏಟು ಹಾಕಿದ. ಡ್ರಿಲ್ಲಣ್ಣ ಬಕೆಟ್ಟಿನಿಂದ ಎದ್ದ. ಒಂಬತ್ತು ಸುತ್ತಿಗೆಯೂ ಒಟ್ಟಿಗೆ ಮೇಲೆ ಹೋದವು.

ಮಾರನೆಯ ಬೆಳಗ್ಗೆ ನಾನು ಗೂಡಿನಲ್ಲಿ ಪುಸ್ತಕ ತೆರೆದು ಕೂತಿದ್ದೆ. ಮಾವ ಮುಂಚೆ ಬರಲಿಲ್ಲ. ಎಲ್ಲರ ಹೊತ್ತಿಗೇ ಬಂದು, ಹಳೇ ಕೇಸಿನ ಬೆಂಚನ್ನು ದಾಟಿ, ಎಲ್ಲರ ಸಾಲಿನಲ್ಲಿ ಡ್ರಿಲ್ಲಣ್ಣನ ಹಿಂದೆ ನಿಂತ.

"ಮಾವ, ಬೆಂಚು..." ಅಂದೆ ಮೆಲ್ಲಗೆ.

"ಅದರಲ್ಲಿ ಮಂಡಿ ನೋವಿರೋರು ಯಾರಾದ್ರೂ ಕೂರ್ಲಿ. ನನ್ನ ಮಂಡಿ ಗಟ್ಟಿಯಾಗಿದೆ."

ಸರದಿ ಬಂತು, ಊದಿದ, ಸೊನ್ನೆ. ಒಂದೇ ಸಲ ಊದಿಸಿದೆ. ಅವನು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆರೆದ, ಕಿವಿಯಿಂದ ನೀಲಿ ಪೆನ್ಸಿಲು ತೆಗೆದ. "ಕುಡೀದೇ ಇರೋನಿಗೆ ಇಂಗ್ಲಿಷಲ್ಲಿ ಏನಂತಾರೆ?"

"ಸೋಬರ್."

"ಮತ್ತೆ?"

"ನಂಗೆ ಗೊತ್ತಿರೋದು ಅದೊಂದೇ."

"ಬೀಳೋದಕ್ಕೆ ಇಪ್ಪತ್ತಮೂರು, ನಿಲ್ಲೋದಕ್ಕೆ ಒಂದೇನಾ? ಎಂಥಾ ಜನವೋ!" ಎಂದು ತಲೆಯಾಡಿಸುತ್ತ, ಪಟ್ಟಿಯ ಕೆಳಗೆ ಸ್ವಲ್ಪ ಜಾಗ ಬಿಟ್ಟು, ಆ ಒಂದನ್ನು ದಪ್ಪಗೆ ಬರೆದ.

"ಮೇಸ್ತ್ರಿ, ಬೇಗ ನಡೀರಿ, ಬಿಸಿಲೇರ್ತಿದೆ" ಎಂದು ಹಿಂದಿನಿಂದ ಯಾರೋ ಕೂಗಿದರು. ಗೋಡೆ ಕುಡುಕ ಅನ್ನಲಿಲ್ಲ. ಮಾವ ಪೆಟ್ಟಿಗೆ ಮುಚ್ಚಿ ಹೆಲ್ಮೆಟ್ಟು ಹಾಕಿಕೊಂಡ.

ಅಷ್ಟರಲ್ಲಿ ನಕ್ಷೆ ಸರ್ ಬಂದರು, ಕಂಕುಳಲ್ಲಿ ಸುರುಳಿ, ಕಿವಿಯಲ್ಲಿ ಫೋನು. ಎಂದಿನಂತೆ ಹಾದು ಹೋಗುವವರಿದ್ದರು. ನಾನು ಎದ್ದು ನಿಂತು ಮಷೀನನ್ನು ಅವರ ಬಾಯಿಯ ಮಟ್ಟಕ್ಕೆ ಹಿಡಿದೆ.

"ಊದಿ ಸರ್" ಅಂದೆ. "ನಮ್ಮ ಮೇಸ್ತ್ರಿ ಊದಿ ಆಯ್ತು. ಈಗ ನಿಮ್ಮದು."